ಹಿಮದ ನಡುವೆ ಅಂತರಗಂಗೆ

ಜನವರಿಯ ಬೆಳಗು. ಹಂಗೇರಿಯ ಹೇವೀಜ್ ಪಟ್ಟಣದಲ್ಲಿ ಬೋಳು ಮರಗಳ ಮೇಲೆ ಹಿಮ ಕೂತಿದೆ, ದಂಡೆಯ ಹುಲ್ಲು ಕಾಲಿಟ್ಟರೆ ಮುರಿಯುವಷ್ಟು ಸೆಟೆದಿದೆ. ಅದರ ಮಗ್ಗುಲಲ್ಲೇ ಒಂದು ಕೆರೆ ಬಚ್ಚಲುಮನೆಯ ಹಂಡೆಯ ಹಾಗೆ ಹಬೆಯಾಡುತ್ತಿದೆ. 38 ಮೀಟರ್ ಆಳದಿಂದ ಬಿಸಿನೀರು ಹಗಲೂ ರಾತ್ರಿ ಉಕ್ಕುತ್ತಲೇ ಇರುವುದರಿಂದ ಇದು ಎಂದೂ ಹೆಪ್ಪುಗಟ್ಟಿಲ್ಲ. ಕೀಲುನೋವಿನವರು ಕುತ್ತಿಗೆಮಟ್ಟ ಇಳಿದು, ಮಾತಿಲ್ಲದೆ ತೇಲುತ್ತಾರೆ.

ಬೇಸಿಗೆಯ ಸಂಜೆ ಬಂದರೆ ಅವರ ನಡುವೆ ಕೆನ್ನೈದಿಲೆ ಅರಳಿರುತ್ತದೆ. ಅದು ನಮ್ಮ ಕಡೆಯದು! 1898ರಲ್ಲಿ ಶಾಂದೋರ್ ಲೋವಶಿ ಎಂಬ ವಿದ್ವಾಂಸರು ಭಾರತ ಮೂಲದ ಆ ಗಿಡವನ್ನು ಇಲ್ಲಿ ನೆಟ್ಟರು. ಬಿಸಿನೀರಲ್ಲಿ ಬೇರೂರಿತು, ಈಗ ಊರಿನ ಗುರುತೇ ಆಗಿಬಿಟ್ಟಿದೆ. ಅದನ್ನು ಕಂಡರೆ ನಮ್ಮೂರಿನವರೊಬ್ಬರು ಸಿಕ್ಕಷ್ಟು ಹಿಗ್ಗಾಗುತ್ತದೆ.

ಆ ಹಿಗ್ಗು ಕೆರೆ ಕೋಡಿ ಬೀಳುವಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಹೊರಟ ಬೆಚ್ಚನೆಯ ಕಾಲುವೆಯಲ್ಲಿ ಅಂತರಗಂಗೆ ಹಬ್ಬಿದೆ. ಬಗ್ಗಿ ಒಂದನ್ನು ಎತ್ತಿ ನೋಡಿ: ಎಳೆಗೋಸಿನಂಥ ಗಿಡ, ಎಲೆಯ ತುಂಬ ಮಖಮಲ್ಲಿನ ನವಿರು. ನೀರು ಒಳಗಿಳಿಯದೆ ಮಣಿಮಣಿಯಾಗಿ ಉರುಳಿಹೋಗುತ್ತದೆ. ಕೆಳಗೆ ಗರಿಯಂತೆ ಇಳಿಬಿದ್ದ ಬೇರು. ಪಕ್ಕದಿಂದ ಹೊರಟ ಬಳ್ಳಿಯ ತುದಿಯಲ್ಲಿ ಮರಿಗಿಡ, ಆ ಮರಿಗೂ ಆಗಲೇ ಒಂದು ಮರಿ. ಕಿತ್ತರೆ ಸಾಲು ಸಾಲಾಗಿ ಬರುತ್ತದೆ, ಒಂದು ಉಳಿದರೂ ಮತ್ತೆ ಹೊದಿಕೆ ನೇಯುತ್ತದೆ. ಆ ಹೊದಿಕೆಯಡಿ ಬೆಳಕಿಲ್ಲ, ತಳದ ಗಿಡಗಳು ಕೊಳೆಯುತ್ತವೆ, ಮೀನಿಗೆ ಉಸಿರು ಸಾಲದು.

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಗಿಡ, ಮೀನುಗಳನ್ನು ಬೆಚ್ಚಗಿನ ನೀರು ಸಿಕ್ಕಿತೆಂದು ಇಲ್ಲಿ ಸುರಿದು ಹೋಗುವವರಿದ್ದಾರೆ. ಗಪ್ಪಿ ಮೀನುಗಳೂ ಹೀಗೇ ಬಂದವು. ಯುರೋಪಿನ ಬೇರೆ ಬಹುತೇಕ ಹೊಳೆಗಳಲ್ಲಾದರೆ ಮೊದಲ ಹಿಮಕ್ಕೇ ಇವೆಲ್ಲ ಸಾಯುತ್ತಿದ್ದವು. ಅಲ್ಲಿ ಚಳಿಯೇ ಕಾವಲುಗಾರ. ಹೇವೀಜಿನಲ್ಲಿ ಕಾವಲೇ ಇಲ್ಲ. ಯುರೋಪಿಯನ್ ಒಕ್ಕೂಟ 2022ರಲ್ಲಿ ಅಂತರಗಂಗೆಯನ್ನು ಅಪಾಯಕಾರಿ ಹೊರಗಿಡಗಳ ಪಟ್ಟಿಗೆ ಸೇರಿಸಿತು. ಸರಿಯಾದ ಕೆಲಸ, ತಡವಾಯಿತು ಅಷ್ಟೆ. ಈ ನೀರಿನ ದಾರಿಯಲ್ಲಿ ಮುಂದೆ ಕಿಶ್ ಬಲಟೊನ್ ಇದೆ, ಸಾವಿರಾರು ಹಕ್ಕಿಗಳ ಜೌಗು ನೆಲ. ಅದನ್ನು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಕಾಲುವೆಯ ಜೊತೆ ಕೆಳಕ್ಕೆ ನಡೆದಂತೆ ಹಬೆ ತೆಳುವಾಗುತ್ತದೆ. ಹಸಿರು ಹೊದಿಕೆ ಹರಿದು ತುಂಡಾಗುತ್ತದೆ, ಎಲೆಗಳ ಅಂಚು ಕಂದುತ್ತದೆ. ಒಂದು ತಿರುವಿನಲ್ಲಿ, ಆಪಿನ ಬುಡಕ್ಕೆ ಸಿಕ್ಕಿಕೊಂಡ ಒಂಟಿ ಗಿಡ. ಹೊರಗಿನ ಎಲೆಗಳು ಕೊಳೆತು ಲೋಳೆಯಾಗಿವೆ. ನಡುವಿನ ಸುಳಿ ಮಾತ್ರ ಇನ್ನೂ ಹಸಿರು.