ಮಲ್ಲಕಂಬ: ಅಂಗಸಾಧನೆಯ ಮೌನಗುರು

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಬೆಟ್ಟಕ್ಕೆ ಸಮೀಪದಲ್ಲಿಯೇ ಕೈವಾರ ಕ್ಷೇತ್ರವಿದೆ. ಪಾಂಡವರು ತಂಗಿದ್ದ ಏಕಚಕ್ರನಗರ ಇದೇ ಎಂದೂ, ಭೀಮಸೇನನು ಬಕಾಸುರನೊಡನೆ ಸೆಣಸಿ ಅವನನ್ನು ಸಂಹರಿಸಿದ್ದು ಇಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ಮೇಲಣ ಕೋಟೆ ಇಂದು ಪಾಳುಬಿದ್ದಿದೆ. ಕೆಳಗೆ ಭೀಮನ ತೋಳ್ಬಲದ ಕಥೆ ಮಾತ್ರ ಮನೆಮನೆಯಲ್ಲಿಯೂ ಉಳಿದಿದೆ. ಕಲ್ಲಿನ ಕೋಟೆಯನ್ನು ಒಮ್ಮೆ ಕಟ್ಟಿದರೆ ಹಲವು ತಲೆಮಾರು ನಿಂತೀತು. ದೇಹವೆಂಬ ಕೋಟೆಯನ್ನಾದರೋ ಪ್ರತಿಯೊಬ್ಬನೂ ತನ್ನ ಆಯುಷ್ಯದಲ್ಲಿ ತಾನೇ ಕಟ್ಟಿಕೊಳ್ಳಬೇಕು.

ಮಲ್ಲಯುದ್ಧ ಕಲಿಯುವವನಿಗೆ ಜೊತೆಗಾರನು ಸದಾ ದೊರೆಯುವುದಿಲ್ಲ. ದೊರೆತರೂ ನೂರು ಸಲ ಹಿಡಿದ ಪಟ್ಟನ್ನೇ ಮತ್ತೆ ಹಿಡಿಯಲು ಅವನ ಮೈ ಸಹಕರಿಸುವುದಿಲ್ಲ. ಆದುದರಿಂದ ಹಲವು ದೇಶಗಳ ಯೋಧರು ಮರವನ್ನೇ ಎದುರಾಳಿಯನ್ನಾಗಿ ಮಾಡಿಕೊಂಡರು. ರೋಮ್ ಸೈನ್ಯಕ್ಕೆ ಹೊಸದಾಗಿ ಸೇರಿದವರು ನೆಲದಲ್ಲಿ ನೆಟ್ಟ ಆರು ಅಡಿಯ ಕಂಬದ ಎದುರು, ಇಮ್ಮಡಿ ತೂಕದ ಮರದ ಕತ್ತಿ ಹಿಡಿದು ಅಭ್ಯಾಸ ಮಾಡುತ್ತಿದ್ದರೆಂದು ವೆಜಿಟಿಯಸ್ ಎಂಬ ಗ್ರಂಥಕಾರ ಬರೆದಿದ್ದಾನೆ. ಚೀನಾದ ವಿಂಗ್ ಚುನ್ ಪರಂಪರೆಯಲ್ಲಿ ಮೂರು ತೋಳು, ಒಂದು ಕಾಲುಳ್ಳ ಮರದ ಮನುಷ್ಯನನ್ನು ನಿಲ್ಲಿಸಿ ಹೊಡೆತ-ತಡೆಗಳನ್ನು ರೂಢಿಸಿಕೊಳ್ಳುತ್ತಾರೆ. ನಮ್ಮ ಗರಡಿಯ ಮರದ ಎದುರಾಳಿಯೇ ಮಲ್ಲಕಂಬ.

ಕಲ್ಯಾಣದ ನೆನಪು

ಈ ಸಾಧನೆಯ ಹಳೆಯ ಉಲ್ಲೇಖವೊಂದು ನಮ್ಮ ಕಲ್ಯಾಣದ ಅರಮನೆಯಿಂದಲೇ ಬಂದಿದೆಯೆಂಬುದು ಶರಣಬಂಧುಗಳು ಹೆಮ್ಮೆಪಡಬೇಕಾದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ.ಶ. 1126-1138) ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಭಾರ ಎತ್ತುವುದು, ನಡೆಯುವುದು, ಈಜುವುದು ಮೊದಲಾದ ವ್ಯಾಯಾಮಗಳೊಡನೆ ಸ್ತಂಭಶ್ರಮವನ್ನು, ಎಂದರೆ ಕಂಬದ ಮೇಲಣ ಸಾಧನೆಯನ್ನು, ಅಲ್ಲಿ ಮಲ್ಲರಿಗೆ ವಿಧಿಸಲಾಗಿದೆ. ಮುಂದಿನ ತಲೆಮಾರಿನಲ್ಲಿ ಇದೇ ಕಲ್ಯಾಣವು ಬಸವಾದಿ ಶರಣರ ಕಾರ್ಯಕ್ಷೇತ್ರವಾಯಿತು. ಅನಂತರ ಮಂಕಾಗಿದ್ದ ಈ ವಿದ್ಯೆಗೆ ಎರಡನೆಯ ಬಾಜಿರಾಯ ಪೇಶ್ವೆಯ ಕಾಲದಲ್ಲಿ ಅವನ ವ್ಯಾಯಾಮಗುರು ಬಾಳಂಭಟ್ಟದಾದಾ ದೇವಧರರು ಮರುಜೀವ ಕೊಟ್ಟರೆಂಬುದು ಪ್ರತೀತಿ.

ಕಂಬದ ಪಾಠ

ತೇಗ ಅಥವಾ ಬೀಟೆಯ ಮರವನ್ನು ಕಡೆದು ನುಣುಪುಗೊಳಿಸಿ, ನೆಲದ ಮೇಲೆ ಸುಮಾರು ಎಂಟು ಅಡಿ ನಿಲ್ಲುವಂತೆ ನೆಡುತ್ತಾರೆ. ಬುಡ ದಪ್ಪ, ಮೇಲೆ ಹೋದಂತೆ ಸಣ್ಣ. ತುದಿಯಲ್ಲಿ ಕೊರಳು, ಅದರ ಮೇಲೊಂದು ಗುಂಡು. ನೋಡಿದರೆ ಮನುಷ್ಯನ ಮುಂಡವೂ ಕತ್ತೂ ತಲೆಯೂ ನೆನಪಾಗುತ್ತವೆ. ಚರ್ಮ ಉಜ್ಜಿ ಕಿತ್ತುಬರದಿರಲೆಂದು ಹರಳೆಣ್ಣೆ ಸವರುತ್ತಾರೆ. ಎಣ್ಣೆ ಸವರಿದ ಕಂಬ ಜಾರುತ್ತದೆ. ತೊಡೆಯ ಹಿಡಿತ ಸಡಿಲಾದ ಕ್ಷಣವೇ ಸಾಧಕ ಕೆಳಗಿರುತ್ತಾನೆ. ಎದುರಾಳಿಯನ್ನು ತೋಳಿನಿಂದ ಬಳಸುವುದು, ಕಾಲಿನಿಂದ ಬಿಗಿಯುವುದು, ತಲೆಕೆಳಗಾದಾಗಲೂ ಉಸಿರು ಕಳೆದುಕೊಳ್ಳದಿರುವುದು ಇವೆಲ್ಲ ಇಲ್ಲಿಯೇ ಮೈಗೂಡುತ್ತವೆ. ಕಂಬ ಹೊಗಳುವುದಿಲ್ಲ, ಸಿಟ್ಟಾಗುವುದೂ ಇಲ್ಲ. ತಪ್ಪಿಗೆ ತಕ್ಕ ಫಲವನ್ನು ಆ ಕ್ಷಣದಲ್ಲಿಯೇ ಕೊಟ್ಟು ಸುಮ್ಮನಾಗುತ್ತದೆ. ಇಂಥ ನಿಷ್ಪಕ್ಷಪಾತಿ ಗುರು ದುರ್ಲಭ.

ಇಷ್ಟಲಿಂಗದ ಪ್ರಶ್ನೆ

ನಮ್ಮ ಮನೆಗಳಲ್ಲಿ ಒಂದು ಸಂದೇಹ ಏಳುವುದು ಸಹಜ. ಎದೆಯನ್ನು ಕಂಬಕ್ಕೆ ಒತ್ತಿ ಮಾಡುವ ಈ ವ್ಯಾಯಾಮದಲ್ಲಿ ಎದೆಯ ಮೇಲಣ ಇಷ್ಟಲಿಂಗದ ಗತಿಯೇನು? ಅದನ್ನು ಕಳಚಿಡಬಹುದೆ? ಕಳಚಬೇಕಾದ ಅಗತ್ಯವೇ ಇಲ್ಲ. ‘ಸಿದ್ಧಾಂತ ಶಿಖಾಮಣಿ’ಯು ಲಿಂಗಧಾರಣೆಗೆ ತಲೆ, ಕೊರಳು, ಕಂಕುಳು, ಎದೆ, ಉದರ, ಅಂಗೈಗಳನ್ನು ಸ್ಥಾನಗಳಾಗಿ ಹೇಳಿ, ನಾಭಿಯಿಂದ ಕೆಳಗೆ ಧರಿಸುವುದನ್ನು ನಿಷೇಧಿಸಿದೆ. ಆದುದರಿಂದ ಲಿಂಗವನ್ನು ವಸ್ತ್ರದಲ್ಲಿ ಭದ್ರಪಡಿಸಿ, ಅಭ್ಯಾಸದ ಬಗೆಗೆ ತಕ್ಕ ಸ್ಥಾನದಲ್ಲಿ ಕಟ್ಟಿಕೊಳ್ಳಲು ಶಾಸ್ತ್ರದಲ್ಲಿಯೇ ಅವಕಾಶವಿದೆ. ಯಾವ ಸ್ಥಾನವೆಂಬುದನ್ನು ತಮ್ಮ ಗುರುಗಳಿಂದ ಕೇಳಿ ತಿಳಿಯುವುದು ಲೇಸು. ಧರ್ಮದ ಹೆಸರಿನಲ್ಲಿ ಮಕ್ಕಳನ್ನು ಗರಡಿಯಿಂದ ದೂರವಿಡುವುದೂ ಬೇಡ. ಗರಡಿಯ ಹೆಸರಿನಲ್ಲಿ ಲಿಂಗವನ್ನು ಗೂಟಕ್ಕೆ ತೂಗುಹಾಕುವುದೂ ಬೇಡ.

ಶರಣರು ಕಾಯವನ್ನು ಹಳಿದು ಬಿಟ್ಟವರಲ್ಲ. ಅದನ್ನು ಕಾಯಕಕ್ಕೂ ಪೂಜೆಗೂ ಸಲ್ಲುವಂತೆ ಕಾಪಾಡಿಕೊಂಡವರು. ಕಲ್ಯಾಣದ ವಿಪ್ಲವದ ಸಂದರ್ಭದಲ್ಲಿ ಶರಣರನ್ನೂ ವಚನದ ಕಟ್ಟುಗಳನ್ನೂ ರಕ್ಷಿಸಲು ಮಡಿವಾಳ ಮಾಚಿದೇವರು ಖಡ್ಗ ಹಿಡಿದರೆಂದು ಪರಂಪರೆ ನೆನೆಯುತ್ತದೆ. ಬಟ್ಟೆ ಒಗೆದು ಗಟ್ಟಿಯಾದ ತೋಳುಗಳು ಅಂದು ಧರ್ಮಕ್ಕೆ ನೆರವಾದವು.

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಗಳು ಮಲ್ಲಕಂಬಕ್ಕೆ ಹೆಸರಾಗಿವೆ. ಮಧ್ಯಪ್ರದೇಶವು 2013ರಲ್ಲಿ ಇದನ್ನು ರಾಜ್ಯಕ್ರೀಡೆಯೆಂದು ಘೋಷಿಸಿತು. 2019ರಲ್ಲಿ ಮುಂಬಯಿಯಲ್ಲಿ ಮೊದಲ ವಿಶ್ವಸ್ಪರ್ಧೆಯೂ ನಡೆಯಿತು. ಹೆಣ್ಣುಮಕ್ಕಳೂ ಹಗ್ಗದ ಮಲ್ಲಕಂಬದಲ್ಲಿ ಅಷ್ಟೇ ನಿಪುಣರಾಗಿದ್ದಾರೆ. ಆದರೂ ಎಷ್ಟೋ ಊರುಗಳಲ್ಲಿ ಗರಡಿಮನೆಗೆ ಬೀಗ ಬಿದ್ದಿದೆ. ಜಾತ್ರೆಗೆ, ಮಂಟಪಕ್ಕೆ ಉದಾರವಾಗಿ ಕಾಣಿಕೆ ನೀಡುವ ಭಕ್ತರು ಊರಿಗೊಂದು ಕಂಬ, ಸುತ್ತಲೂ ಮೆತ್ತನೆಯ ಮಣ್ಣು, ಬಲ್ಲ ಗುರುವೊಬ್ಬರು ಇಷ್ಟನ್ನು ಒದಗಿಸಿದರೆ ಸಾಕು. ಬೆಳಗಿನ ಲಿಂಗಪೂಜೆ ಮುಗಿಸಿದ ಮಗು ಕಂಬದ ಬಳಿಗೆ ಹೋಗಲಿ. ಪೂಜೆಯಲ್ಲಿ ನೆಲೆಗೊಂಡ ಮನಸ್ಸಿಗೆ ತಕ್ಕ ಮೈ ಅಲ್ಲಿ ಸಿದ್ಧವಾಗುತ್ತದೆ.