ದೋಣಿಗೆ ಕಿವಿ ಚುಚ್ಚುವ ಕೆಲಸ

ಹೋದ ಬೇಸಗೆಯ ಒಂದು ಸಂಜೆ. ಕಲಬುರಗಿ ಕೋಟೆಗೆ ಹತ್ತಿರದ ಓಣಿಯಲ್ಲಿ ಗೆಳೆಯರೊಬ್ಬರ ಅಂಗಳ. ಹತ್ತು ಅಡಿ ಉದ್ದದ ಹಳದಿ ಕಯಾಕ್ ಅಲ್ಲಿ ಬೋರಲು ಮಲಗಿತ್ತು. ಅದರ ಸುತ್ತ ನಾವು ಮೂವರು, ನಮ್ಮ ಜೊತೆಗೆ ಡ್ರಿಲ್ ಮಶೀನು ಹಿಡಿದ ಪ್ಲಂಬಿಂಗ್ ಮಿಸ್ತ್ರಿ. ಪಕ್ಕದ ಮನೆಯ ಮುತ್ಯಾ ಕಂಪೌಂಡ್ ಗೋಡೆಯ ಮೇಲಿಂದ ಇಣುಕಿದರು.

‘ಏನ್ ಮಾಡ್ಲತ್ತೀರಪಾ?’

‘ದೋಣಿ ತಳಕ್ಕ ತೂತ ಹೊಡಿಲತ್ತೀವಿ ಮುತ್ಯಾ.’

‘ಆಮ್ಯಾಲ ನೀರಿಗಿ ಇಳಸ್ತೀರಿ?’

‘ಹೌದ್ರಿ.’

ಮುತ್ಯಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಏನೂ ಹೇಳದೆ ಒಳಗೆ ಹೋದರು.

ಅವರ ಅನುಮಾನ ನನಗೂ ಇತ್ತು. ಮೇ ತಿಂಗಳಲ್ಲಿ 44 ಡಿಗ್ರಿ ಮುಟ್ಟುವ, ನಲ್ಲಿ ನೀರಿಗೆ ದಿನ ಎಣಿಸುವ ಊರು ನಮ್ಮದು. ನಿಂತ ನೀರೆಂದರೆ ನಮಗೆ ಕೋಟೆಯ ಕಂದಕ, ಅಪ್ಪನ ಕೆರೆ. ದೋಣಿ ಕಟ್ಟುವವರು ಇಲ್ಲಿ ಯಾಕಿರುತ್ತಾರೆ? ಆದರೆ ಅವತ್ತು ತಿಳಿದ ಸಂಗತಿ ಬೇರೆ. ಸೋರದ ಹಾಗೆ ತೂತು ಕೊರೆಯುವ ಕಲೆ ನಮ್ಮೂರಿನ ಪ್ರತಿ ಮಾಳಿಗೆಯ ಮೇಲೂ ಇದೆ. ಅದಕ್ಕೆ ಬರುತ್ತೇನೆ.

ಗೆಳೆಯರಿಗೆ ಗಾಳದ ಮೀನು ಬೇಟೆಯ ಹುಚ್ಚು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರು ಕಯಾಕ್ ಹುಟ್ಟು ಹಾಕುವುದನ್ನು ನೋಡಿ ಬಂದವರು, ಒಂದು ಹಳೆಯ ಕಯಾಕ್ ಕೊಂಡುಕೊಂಡರು. ಅದರ ಬೆನ್ನಿಗೇ ಮೊಬೈಲಿಗಿಂತ ತುಸು ದೊಡ್ಡ ಪರದೆಯ ಫಿಶ್ ಫೈಂಡರ್ ಬಂತು. ಪರದೆ ಕೂಡಿಸುವುದು ಸುಲಭ. ತೊಡಕಿರುವುದು ಅದರ ಇನ್ನೊಂದು ತುದಿಯಲ್ಲಿ, ಸಾಬೂನು ಬಿಲ್ಲೆಯಷ್ಟು ದೊಡ್ಡದಾದ ಟ್ರಾನ್ಸ್‌ಡ್ಯೂಸರ್‌ನಲ್ಲಿ. ಅದು ನೀರಿನ ಮಾತು ಕೇಳಬೇಕು. ಕೇಳಬೇಕಾದರೆ ಎಲ್ಲಿ ಕೂಡಬೇಕು ಎಂಬುದೇ ಪ್ರಶ್ನೆ.

ನೀರಿನ ಆಳ ಅಳೆಯುವುದು ಅಂಬಿಗರಿಗೆ ಹೊಸದಲ್ಲ. ಭೀಮಾ, ಕೃಷ್ಣೆಯಲ್ಲಿ ಹರಿಗೋಲು ನಡೆಸುವವರ ಕೈಯಲ್ಲಿ ಗಳ ಇರುತ್ತದೆ. ಗಳ ತಳ ಮುಟ್ಟಿದರೆ ಅಲ್ಲಿಯ ಕೆಸರು, ಮರಳು, ಬಂಡೆ ಎಲ್ಲ ಅಂಗೈಗೆ ಗೊತ್ತಾಗುತ್ತದೆ. ಗಳ ಮುಟ್ಟದ ಕಡೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು, ಮೇಲೆಳೆಯುವಾಗ ಎರಡೂ ತೋಳು ಚಾಚಿ ಮಾರು ಎಣಿಸುವುದು. ಫಿಶ್ ಫೈಂಡರ್ ಮಾಡುವುದೂ ಇದನ್ನೇ. ಹಗ್ಗದ ಬದಲು ಅದು ಸದ್ದನ್ನು ಇಳಿಬಿಡುತ್ತದೆ.

ಟ್ರಾನ್ಸ್‌ಡ್ಯೂಸರ್ ಒಳಗೆ ಪಿಂಗಾಣಿಯಂಥದೊಂದು ಬಿಲ್ಲೆ ಇದೆ. ವಿದ್ಯುತ್ ಕೊಟ್ಟರೆ ಅದು ನಡುಗುತ್ತದೆ. ನಡುಗಿಸಿದರೆ ವಿದ್ಯುತ್ ಕೊಡುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಪಿಯೆರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಗ್ಯಾಸ್ ಒಲೆಯ ಮುಂದೆ ಲೈಟರ್ ‘ಟಕ್’ ಅನ್ನಿಸಿದಾಗಲೆಲ್ಲ ನಮ್ಮ ಮನೆಯ ಹೆಂಗಸರು ಮಾಡುವ ಪ್ರಯೋಗವೂ ಅದೇ. ಮೊದಲ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನ ಪಾಲ್ ಲಾಂಜೆವಿನ್ ಈ ಗುಣವನ್ನು ಹಿಡಿದು ನೀರೊಳಗಿನ ಜಲಾಂತರ್ಗಾಮಿ ಹುಡುಕುವ ಸಾಧನ ಮಾಡಿದರು. ಮೀನು ಹುಡುಕುವ ಯಂತ್ರವನ್ನು ವ್ಯಾಪಾರಕ್ಕೆ ತಂದವರು ಜಪಾನಿನ ಫುರುನೋ ಸೋದರರು, 1948ರಲ್ಲಿ. ಕೊಲ್ಲುವುದಕ್ಕೆ ಹುಟ್ಟಿದ ಉಪಕರಣ ಉಣ್ಣುವ ದಾರಿಗೆ ಬಂತು ಎನ್ನಬಹುದಿತ್ತು. ಮೀನಿನ ಕಡೆಯಿಂದ ನೋಡಿದರೆ ಹಾಗೆನ್ನುವುದು ಕಷ್ಟ.

ಗೆಳೆಯರ ಯಂತ್ರದ ಸದ್ದು 200 ಕಿಲೋಹರ್ಟ್ಸ್. ನಮ್ಮ ಕಿವಿ 20ಕ್ಕೇ ಸೋಲುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವ ನಾಲ್ಕು ಪಟ್ಟಿಗೂ ಹೆಚ್ಚು. ಹದಿನೈದು ಮೀಟರ್ ಆಳದ ತಳ ಮುಟ್ಟಿ ಮರಳಲು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ಆ ಹೊತ್ತನ್ನು ಎಣಿಸಿದರೆ ಆಳ ಸಿಕ್ಕಿತು. ನಡುವೆ ಮೀನು ಇದ್ದರೆ ತಳಕ್ಕಿಂತ ಮುಂಚೆ ಒಂದು ಸಣ್ಣ ಮಾರ್ದನಿ ಬರುತ್ತದೆ. ಹೀಗೆ ಬರುವುದಕ್ಕೆ ಮುಖ್ಯ ಕಾರಣ ಮೀನಿನ ಮಾಂಸವಲ್ಲ, ಅದರ ಹೊಟ್ಟೆಯೊಳಗಿನ ಗಾಳಿಚೀಲ. ನೀರಿನಲ್ಲಿ ಓಡುವ ಸದ್ದು ಗಾಳಿಗೆ ತಾಗಿದರೆ ಹೆಚ್ಚೂಕಡಿಮೆ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. ಕಟ್ಲಾ, ರೋಹುಗಳನ್ನು ಹಿಡಿದುಕೊಡುವುದು ಅವು ಹೊತ್ತುಕೊಂಡಿರುವ ಆ ಗಾಳಿ.

ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಕೆಲಸದ ಮಿಕ್ಕ ಪಾಠವೆಲ್ಲ ತಾನಾಗಿ ಬರುತ್ತದೆ. ಸದ್ದಿಗೆ ಗಾಳಿಯೇ ಗೋಡೆ. ಪ್ಲಾಸ್ಟಿಕ್ಕು, ಫೈಬರ್‌ಗ್ಲಾಸ್ ಇವೆಲ್ಲ ಅದಕ್ಕೆ ತೆಳ್ಳನೆಯ ಪರದೆಗಳು, ದಾಟಿಹೋಗುತ್ತದೆ. ಕಾಗದದಷ್ಟು ತೆಳ್ಳಗಿನ ಗಾಳಿಯ ಪದರನ್ನು ಮಾತ್ರ ದಾಟದು. ಆದ್ದರಿಂದ ಕಯಾಕಿನ ತಳಕ್ಕೆ ತೂತೇ ಹೊಡೆಯದೆ, ಒಳಗಡೆಯೇ ಟ್ರಾನ್ಸ್‌ಡ್ಯೂಸರ್ ಅಂಟಿಸಿ ಪ್ಲಾಸ್ಟಿಕ್ಕಿನ ಮೂಲಕವೇ ಸದ್ದು ಕಳಿಸುವವರು ಬಹಳ. ಅಂಟಿನಲ್ಲಿ ಒಂದು ಗುಳ್ಳೆ ಉಳಿಯಬಾರದು, ಅಷ್ಟೇ ನಿಯಮ. ಅಂಟಿಸುವ ಮುಂಚೆ ನೀರು ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಬಿಲ್ಲೆಯನ್ನಿಟ್ಟು, ಚೀಲವನ್ನು ದೋಣಿಯ ಒಳತಳಕ್ಕೆ ಒತ್ತಿ, ಜಾಗ ಕೇಳಿಸುತ್ತದೋ ಇಲ್ಲವೋ ಪರೀಕ್ಷೆ ಮಾಡಬಹುದು. ಎರಡು ಪದರದ ನಡುವೆ ಫೋಮ್ ತುಂಬಿದ ದೋಣಿಯಲ್ಲಿ ಇದು ನಡೆಯುವುದಿಲ್ಲ. ಫೋಮ್ ಎಂದರೆ ಗಾಳಿಯ ಗೂಡು. ಕೆರೆಗಳಲ್ಲಿ ಥರ್ಮಾಕೋಲ್ ತೆಪ್ಪದ ಮೇಲೆ ಕೂತು ಬಲೆ ಬಿಡುವವರು ನಮ್ಮ ಕಡೆ ಇದ್ದಾರಲ್ಲ, ಅವರ ತೆಪ್ಪ ಈ ಯಂತ್ರದ ಮಟ್ಟಿಗೆ ಶುದ್ಧ ಕಿವುಡು.

ನಾವೂ ಮೊದಲು ಅಂಟಿನ ದಾರಿಯನ್ನೇ ಹಿಡಿದೆವು. ಎರಡು ಸಲ. ಎರಡು ಸಲವೂ ಬಿಲ್ಲೆ ಎದ್ದು ಬಂತು. ಆಗಲೇ ಮಿಸ್ತ್ರಿಯನ್ನು ಕರೆಸಿದ್ದು. ಬಂದವನು ಕಯಾಕಿನ ಬೆನ್ನ ಮೇಲೆ ಬೆರಳಿನಿಂದ ಎರಡು ಸಲ ಬಾರಿಸಿ ನಕ್ಕ. ‘ಇದು ನಮ್ಮ ಮಾಳಗಿ ಮ್ಯಾಲಿನ ಟಾಕಿ ಅದರಿ ಸರ. ಇದಕ್ಕ ಯಾ ಅಂಟೂ ಹತ್ತಲ್ಲ.’

ಅವನು ಹೇಳಿದ್ದು ಅಕ್ಷರಶಃ ನಿಜ. ಮಾಳಿಗೆಯ ಮೇಲಿನ ನೀರಿನ ಕರಿ ಟಾಕಿ ಮತ್ತು ಅಗ್ಗದ ಕಯಾಕುಗಳು ಒಂದೇ ಹೊಟ್ಟೆಯ ಮಕ್ಕಳು. ಪಾಲಿಎಥಿಲೀನ್ ಪುಡಿಯನ್ನು ಅಚ್ಚಿನೊಳಗೆ ಹಾಕಿ, ಬೆಂಕಿಯ ಮೇಲೆ ಅಚ್ಚನ್ನೇ ತಿರುಗಿಸುತ್ತ, ಕರಗಿದ ಪ್ಲಾಸ್ಟಿಕ್ಕು ಗೋಡೆಗೆ ಮೆತ್ತುವಂತೆ ಮಾಡಿ ತೆಗೆಯುವುದು. ಬಿರುಕು ಬಿಟ್ಟ ಟಾಕಿಗೆ ಪುಟ್ಟಿ ಮೆತ್ತಿ ಸೋತವರಿಗೆ ಈ ಪ್ಲಾಸ್ಟಿಕ್ಕಿನ ಜಿಡ್ಡು ಸ್ವಭಾವ ಗೊತ್ತು. ಇದರ ಮೇಲೆ ಎಪಾಕ್ಸಿ ಮೇಲಷ್ಟೇ ಕೂತಿರುತ್ತದೆ, ಹಿಡಿಯುವುದಿಲ್ಲ. ಬಲ್ಲವರು ಗಟ್ಟಿಯಾಗದೆ ಮೇಣದಂತೆ ಮೆತ್ತಗೇ ಉಳಿಯುವ ಪುಟ್ಟಿಯಲ್ಲಿ ಬಿಲ್ಲೆಯನ್ನು ಒತ್ತಿ ಕೂಡಿಸುತ್ತಾರೆ. (ತೆಲುಗು ಸೀಮೆಯಲ್ಲಿ ಹರಿಗೋಲಿಗೇ ಪುಟ್ಟಿ ಎನ್ನುತ್ತಾರೆ. ಗೆಳೆಯರು ‘ಪುಟ್ಟಿ ತರಸ್ರಿ’ ಎಂದಾಗ ಒಂದು ಕ್ಷಣ ನನಗೆ ದಿಗಿಲಾಗಿತ್ತು.)

ಮಿಸ್ತ್ರಿಗೆ ಗೊತ್ತಿದ್ದ ದಾರಿ ಟಾಕಿಗೆ ನಿಪ್ಪಲ್ ಕೂಡಿಸುವ ದಾರಿ. ಹೋಲ್ ಸಾ ಹಾಕಿ ದುಂಡಗೆ ಕೊರೆ, ತಿರುಪುಳ್ಳ ಕೊಳವೆಯನ್ನು ತೂರಿಸು, ಒಳಗೊಂದು ಹೊರಗೊಂದು ರಬ್ಬರ್ ವಾಶರ್ ಕೊಟ್ಟು ನಟ್ಟು ಬಿಗಿ. ದೊಡ್ಡ ದೋಣಿಗಳ ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಕೂಡಿಸುವುದೂ ಹೀಗೆಯೇ, ಹೆಸರು ಮಾತ್ರ ಬೇರೆ. ಮಲ್ಪೆ, ಮಂಗಳೂರು ಕಡೆಯ ಮೀನುಗಾರಿಕೆ ಬೋಟುಗಳಿಗೆ ಫಿಶ್ ಫೈಂಡರ್ ಈಗ ಎಂಜಿನ್ನಿನಷ್ಟೇ ಸಹಜ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ತಳದ ಕೆಲಸಗಳಿಗೆಲ್ಲ ಬೋಟು ದಡಕ್ಕೇರಿದ ಆ ದಿನಗಳೇ ಹದ.

ಆ ಕಸುಬಿನಲ್ಲಿ ಒಂದೊಂದು ದೋಣಿಗೂ ಒಂದೊಂದು ಲೋಹ. ಮರದ ತಳಕ್ಕೆ ಪ್ಲಾಸ್ಟಿಕ್ ಕೊಳವೆ ಹಾಕಬಾರದು. ನೀರು ಕುಡಿದ ಮರ ಉಬ್ಬಿ ಅದನ್ನು ಹಿಚುಕಿ ಸೀಳುತ್ತದೆ, ಅಲ್ಲಿಗೆ ಕಂಚಿನಂಥ ಲೋಹವೇ ಆಗಬೇಕು. ಅಲ್ಯೂಮಿನಿಯಂ ದೋಣಿಗೆ ಕಂಚು ಹಾಕಿದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿಯಾಗಿ, ದೋಣಿಯ ಒಡಲೇ ತಿಂದುಹೋಗುತ್ತದೆ. ಫೋಮ್ ಇರುವ ತಳದಲ್ಲಿ ತೂತಿನ ಸುತ್ತಲ ಫೋಮನ್ನು ಕೆರೆದು ತೆಗೆದು ಎಪಾಕ್ಸಿ ತುಂಬಬೇಕು, ಇಲ್ಲವಾದರೆ ನಟ್ಟಿನ ಬಿಗಿತಕ್ಕೆ ತಳವೇ ಕುಸಿಯುತ್ತದೆ. ತಳ ಇಳಿಜಾರಾಗಿದ್ದರೆ ಬಿಲ್ಲೆ ನೇರ ಕೆಳಗೆ ನೋಡುವಂತೆ ಅಡಿಗೊಂದು ಕೆತ್ತಿದ ದಿಮ್ಮಿ ಕೊಡುತ್ತಾರೆ.

ನಮ್ಮದು ಇಷ್ಟು ದೊಡ್ಡ ಸಂಸಾರವಲ್ಲ. ಆದರೂ ಜಾಗ ಆರಿಸುವುದಕ್ಕೇ ಅರ್ಧ ತಾಸು ಹೋಯಿತು. ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು, ಮುಂದಿನ ಏಣಿನಿಂದ ಎದ್ದ ಗುಳ್ಳೆಗಳು ಹರಿದುಬರಬಾರದು, ಒಳಗಿಂದ ಕೈ ಎಟುಕಬೇಕು, ದಡಕ್ಕೆ ಎಳೆದಾಗ ಕಲ್ಲಿಗೆ ಉಜ್ಜಬಾರದು. ಸೀಟಿನ ಮುಂದೆ, ನಡುಏಣಿನ ಪಕ್ಕದ ಚಪ್ಪಟೆ ಭಾಗ ಗೊತ್ತಾಯಿತು. ಮಿಸ್ತ್ರಿ ಮೊದಲು ತೆಳ್ಳನೆಯ ಬಿಟ್ಟಿನಿಂದ ಒಂದು ಸಣ್ಣ ತೂತು ಹೊಡೆದು, ತಲೆ ಬಗ್ಗಿಸಿ, ಬೆಳಕು ಎಲ್ಲಿ ಬರುತ್ತದೆಂದು ಒಳಗಿನಿಂದ ನೋಡಿದ. ಆಮೇಲೇ ಹೋಲ್ ಸಾ. ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದು ಬಿದ್ದು ಅಂಗಳದಲ್ಲಿ ಉರುಳಿತು. ಗೆಳೆಯರ ಮುಖ ಆಗ ನೋಡಬೇಕಿತ್ತು. ಮೊದಲ ಸಲ ಮಗಳ ಕಿವಿ ಚುಚ್ಚಿಸುವ ತಂದೆ ಅಕ್ಕಸಾಲಿಗನ ಮುಂದೆ ಕೂತಿರುತ್ತಾನಲ್ಲ, ಹಾಗೆ.

ಅಂಚಿನ ಸಿಬಿರನ್ನು ಚಾಕುವಿನಿಂದ ಕೆರೆದ, ಸ್ಪಿರಿಟ್ಟಿನಲ್ಲಿ ಒರೆಸಿದ. ಸೀಲೆಂಟ್ ಹಚ್ಚಿದ, ಆದರೆ ಅದರ ಮೇಲೆ ಭಾರ ಹಾಕಲಿಲ್ಲ. ಈ ಪ್ಲಾಸ್ಟಿಕ್ಕಿನಲ್ಲಿ ನೀರು ತಡೆಯುವುದು ಒತ್ತಿ ಹಿಡಿದ ರಬ್ಬರು. ಗೆಳೆಯರು ಪಾನಾ ತಂದುಕೊಟ್ಟರೆ ಪಕ್ಕಕ್ಕಿಟ್ಟ. ಕೈಯಿಂದ ಬಿಗಿಯುವಷ್ಟು ಬಿಗಿದು, ಪಾನಾದಿಂದ ಕಾಲು ಸುತ್ತು, ಸಾಕು. ‘ಭಾಳ ಬಿಗದ್ರ ವಾಶರ್ ಹೊರಗ ಬರ್ತದರಿ. ನೀರು ಅಲ್ಲಿಂದೇ ದಾರಿ ಹಿಡೀತದ.’ ಬಿಸಿಲಿಗೆ ಈ ಪ್ಲಾಸ್ಟಿಕ್ಕು ಹಿಗ್ಗಿ ಕುಗ್ಗುವುದು ಬಹಳ. ಎರಡು ದಿನ ಬಿಟ್ಟು ಬಂದು ಇನ್ನೊಮ್ಮೆ ಮುಟ್ಟಿ ನೋಡುತ್ತೇನೆ ಅಂದ. ಬಂದ ಕೂಡ. ಮಾಳಿಗೆ ಕೆಲಸಕ್ಕೆ ಕರೆದರೆ ಇಷ್ಟು ನೆಟ್ಟಗೆ ಬಂದವನಲ್ಲ.

ತೂತಿನ ಬಗ್ಗೆ ನಾವು ಯಾಕೆ ಇಷ್ಟು ಹೆದರುತ್ತೇವೋ. ಅಂಗಳದ ಹತ್ತಿರವೇ ಇರುವ ಕೋಟೆಯನ್ನು ನೋಡಿ. 1347ರಲ್ಲಿ ಬಹಮನಿ ದೊರೆತನ ಕಟ್ಟಿದ ಅಲಾವುದ್ದೀನ್ ಹಸನ್ ಕಾಲದಲ್ಲಿ ಬಲಗೊಂಡ ಗೋಡೆ ಅದು. ಗೋಡೆ ಎಷ್ಟು ದಪ್ಪವಿದ್ದರೂ ಬಾಗಿಲು ಇಡದೆ ಕೋಟೆಯಿಲ್ಲ, ಹೊರಗೆ ನೋಡಲು ಕಿಂಡಿ ಇಡದೆ ಬುರುಜಿಲ್ಲ. ಇಟ್ಟ ಮೇಲೆ ಕಾವಲು ಹೆಚ್ಚು ಬೇಕಾಗುವುದೂ ಅಲ್ಲಿಯೇ. ನಮ್ಮ ಹರಿಗೋಲಿಗೆ ಮಾತ್ರ ಈ ಉಪಾಯ ನಡೆಯದು. ಹಿಂದೆ ಬಿದಿರಿನ ಹೆಣಿಗೆಗೆ ಹೊದಿಸಿದ ಚರ್ಮವೇ ಅದರ ತಳ. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥ ಬುಟ್ಟಿಯಾಕಾರದ, ಚರ್ಮ ಹೊದ್ದ ದೋಣಿಗಳನ್ನು ಕಂಡು ಬರೆದಿದ್ದಾನೆ. ಅವುಗಳಲ್ಲಿ ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದವು. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಮೂಲ ಕಯಾಕ್ ಕೂಡ ಸೀಲ್ ಪ್ರಾಣಿಯ ಚರ್ಮ ಬಿಗಿದ ದೋಣಿಯೇ. ಹೀಗೆ ಹರಿಗೋಲೂ ಕಯಾಕೂ ದೂರದ ನೆಂಟರು. ಚರ್ಮದ ದೋಣಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಬೇಕಾದರೆ ಪಕ್ಕಕ್ಕೊಂದು ಕೋಲು ನಿಲ್ಲಿಸಿ ನೀರಿಗೆ ಇಳಿಬಿಡಬೇಕು, ಅಷ್ಟೇ.

ಮೀನಿನ ಚಟ ಇಲ್ಲದವರಿಗೂ ಈ ಕಿವಿಯ ಕೆಲಸ ತಾಗುತ್ತದೆ. ಜಲಾಶಯಗಳಲ್ಲಿ ಹೂಳು ಎಷ್ಟು ತುಂಬಿದೆಯೆಂದು ತಿಳಿಯಲು ದೋಣಿಗೆ ಇದೇ ಜಾತಿಯ ಯಂತ್ರ ಕಟ್ಟಿ, ಜಿಪಿಎಸ್ ಹಿಡಿದು, ಹೊಲ ಉಳುವಂತೆ ಸಾಲು ಸಾಲಾಗಿ ನೀರಿನ ಮೇಲೆ ಓಡಿಸುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕದ ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. 2016ರ ಸಮೀಕ್ಷೆಯಲ್ಲಿ ಅದು 105.788ಕ್ಕೆ ಇಳಿದಿತ್ತು. ರಾಯಚೂರಿನ ಕಾಲುವೆ ಕೊನೆಯ ರೈತರು ಕೇಳುವ ನೀರಿನ ಲೆಕ್ಕ ಈ ದಶಾಂಶಗಳಲ್ಲಿದೆ.

ಮಳೆಗಾಲ ಮುಗಿದ ಮೇಲೆ, ಒಪ್ಪಿಗೆ ಪಡೆದು, ಕಮಲಾಪುರ ತಾಲ್ಲೂಕಿನ ಗಂಡೋರಿ ನಾಲಾ ಜಲಾಶಯಕ್ಕೆ ಕಯಾಕ್ ಹೊತ್ತು ಹೋದೆವು. ದಾರಿಯಲ್ಲಿ ಕಮಲಾಪುರದ ಕೆಂಬಾಳೆಯ ಗೊನೆಗಳು ತೂಗುತ್ತಿದ್ದವು. ಮಿಸ್ತ್ರಿಯೂ ಬಂದಿದ್ದ, ಕೂಲಿ ಬೇಡವೆಂದು. ನಟ್ಟಿನ ಕೆಳಗೆ ಒಂದು ಒಣ ಕಾಗದ ಹಾಸಿ ಎಂದು ಹೇಳಿದವನು ಅವನೇ. ಹನಿ ಸೋರಿದರೂ ಕಾಗದ ಹೇಳುತ್ತದೆ. ಗಾಡಿಯಲ್ಲಿ ಸಿಕ್ಕಿದ್ದು ಹಿಂದಿನ ವಾರದ ಪುರವಣಿ, ಅದರಲ್ಲಿ ನನ್ನದೇ ಲೇಖನದ ಪುಟ. ಮಡಿಸಿ ಇಟ್ಟೆವು.

ಗೆಳೆಯರು ಲೈಫ್ ಜಾಕೆಟ್ ತೊಟ್ಟು ಮೂವತ್ತು ಮಾರು ದೂರ ಹೋದರು. ಪರದೆಯ ಮೇಲೆ ತಳದ ಗೆರೆ ಮೂಡಿತು, ಅದರ ಮೇಲೆ ಬಿಲ್ಲಿನಂತೆ ಬಾಗಿದ ಒಂದೆರಡು ಗೀರು. ಮೀನು ಸದ್ದಿನ ಕವಚಿದ ಬುಟ್ಟಿಯೊಳಗೆ ಅಂಚಿನಿಂದ ಬಂದು ಅಂಚಿನಿಂದ ಹೋಗುವಾಗ ದೂರ, ನಡುವಿದ್ದಾಗ ಹತ್ತಿರ. ಆ ಬಾಗು ಅದರದು. ‘ಮೀನ ಕಾಣ್ಸಾಕತ್ತಾವು!’ ಎಂದು ಅಲ್ಲಿಂದ ಕೂಗಿದರು.

‘ಮೀನ ಇರ್ಲಿ ಸರ, ಕಾಗದ ನೋಡ್ರಿ!’ ದಡದಿಂದ ಮಿಸ್ತ್ರಿ ಕೂಗಿದ.

ಗೆಳೆಯರು ಬಗ್ಗಿ ಹಾಳೆ ಎಳೆದು ಬಿಸಿಲಿಗೆ ಹಿಡಿದರು. ನಟ್ಟಿನ ದುಂಡು ಗುರುತು ಒಣಗೇ ಇತ್ತು. ಹುಟ್ಟಿನಿಂದ ತೊಟ್ಟಿಕ್ಕಿದ ನೀರಿಗೆ ನನ್ನ ಹೆಸರಿದ್ದ ಮೂಲೆ ಮಾತ್ರ ತೊಯ್ದಿತ್ತು.