ಬೇಗಂ ಬಜಾರಿನ ಮೀನು, ಎರಡು ಕಡಲಿನ ಋತು

ಮಿರಗ ಕೂಡಿದ ದಿನ ಹೈದರಾಬಾದಿನ ಎಷ್ಟೋ ಮನೆಗಳಲ್ಲಿ ಮೀನು ಬೇಯಲೇಬೇಕು. ಜೂನ್ 7 ಅಥವಾ 8ಕ್ಕೆ ಬರುವ ಈ ದಿನವನ್ನು ತೆಲಂಗಾಣದವರು ಮೃಗಶಿರ ಕಾರ್ತೆ ಎನ್ನುತ್ತಾರೆ. ನಮ್ಮ ಬೀದರ್, ಕಲಬುರಗಿಯ ರೈತರಿಗೆ ಅದೇ ಬಿತ್ತನೆಯ ಮಿರಗ. ಬಿಸಿಲು ಇಳಿದು ಮಳೆ ಹಿಡಿಯುವ ಹೊತ್ತಿನಲ್ಲಿ ಮೀನು ತಿಂದರೆ ಮೈಗೆ ಒಳ್ಳೆಯದೆಂಬ ನಂಬಿಕೆ ಇಲ್ಲಿ ಗಟ್ಟಿ. ಬತ್ತಿನಿ ಕುಟುಂಬದವರು ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಉಬ್ಬಸದವರಿಗೆ ಮೀನು ಪ್ರಸಾದ ಹಂಚುವುದೂ ಆಗಲೇ. ಅದರಿಂದ ಉಬ್ಬಸ ವಾಸಿಯಾಗುತ್ತದೆ ಎನ್ನಲು ವೈದ್ಯಕೀಯ ಆಧಾರವಿಲ್ಲ, ಆದರೂ ಜನ ದೂರದೂರದಿಂದ ಬರುತ್ತಾರೆ. ಅಲ್ಲಿಗೆ ಹತ್ತಿರದ ಬೇಗಂ ಬಜಾರಿನ ಮೀನು ಮಾರುಕಟ್ಟೆಯಲ್ಲಿ ಅಂದು ಕಾಲಿಡಲು ಜಾಗವಿರುವುದಿಲ್ಲ.

ಊರಿಗೆ ಊರೇ ಮೀನು ಕೇಳುವ ಆ ದಿನ ದೇಶದ ಎರಡೂ ಕಡಲಿನ ಯಾಂತ್ರೀಕೃತ ದೋಣಿಗಳು ದಡದಲ್ಲಿ ಕಟ್ಟಿಕೊಂಡಿರುತ್ತವೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ತಲಾ 61 ದಿನ ಮೀನುಗಾರಿಕೆ ನಿಷೇಧ. ಈ ಎರಡು ರಜೆಗಳು ಒಂದರ ಮೇಲೊಂದು ಬೀಳುವುದು ಜೂನಿನ ಮೊದಲ ಎರಡು ವಾರ ಮಾತ್ರ, ಮಿರಗ ಬರುವುದು ಸರಿಯಾಗಿ ಅದರ ನಡುವೆ. ಹಾಗಾಗಿ ಅಂದು ಬುಟ್ಟಿ ತುಂಬುವುದು ಕೆರೆ ಮತ್ತು ಕೊಳದ ಮೀನು: ತೆಲಂಗಾಣದ ಕೆರೆಗಳಿಂದ, ಆಂಧ್ರದ ಭೀಮಾವರಂ, ಕೊಲ್ಲೇರು ಸುತ್ತಿನ ಸಾಕಣೆ ಕೊಳಗಳಿಂದ ಬರುವ ಕಾಟ್ಲಾ, ರೋಹು, ಜೀವಂತ ಕೊರ್ರಮೀನು. ಆ ವಾರ ಕಡಲಿನ ವಂಜರಂ (ಅಂಜಲ್) ಬೇಕೆಂದು ಹಟ ಹಿಡಿದವರಿಗೆ ಬಹುಮಟ್ಟಿಗೆ ಶೀತಲಗೃಹದ ಮಾಲೇ ಗತಿ. ಅದಕ್ಕೆ ತಾಜಾ ಮೀನಿನ ಬೆಲೆ ಕೊಡಬೇಡಿ.

ಹತ್ತಿರದ ಕಡಲೂ ನೂರಾರು ಕಿಲೋಮೀಟರ್ ದೂರವಿರುವ ಈ ಮಾರುಕಟ್ಟೆಯಲ್ಲಿ ಕಡಲ ಮೀನನ್ನು ಚೆನ್ನಾಗಿ ಕೊಳ್ಳಬೇಕಾದರೆ ಎರಡು ತೀರಗಳ ವರ್ಷ ಹೇಗೆ ಉರುಳುತ್ತದೆ ಎಂದು ತಿಳಿದಿರಬೇಕು.

ಮೊದಲು ನಮ್ಮ ಪಶ್ಚಿಮದ್ದು. ಜೂನಿನಲ್ಲಿ ನೈಋತ್ಯ ಮುಂಗಾರು ಬಡಿದೊಡನೆ ಮಲ್ಪೆ, ಮರವಂತೆ, ಉಳ್ಳಾಲದ ತೀರಗಳ ರೂಪವೇ ಬದಲಾಗುತ್ತದೆ. ಒಂದರ ಬೆನ್ನಿಗೊಂದು ಬರುವ ಎತ್ತರದ ಅಲೆಗಳು ದಡದ ಮರಳನ್ನು ಸೆಳೆದೊಯ್ದು ತುಸು ಆಚೆ ನೀರಿನಡಿ ದಿಬ್ಬವಾಗಿ ಒಟ್ಟುತ್ತವೆ. ಬೇಸಿಗೆಯಲ್ಲಿ ಜನ ಚೆಂಡಾಡಿದ ಅಗಲ ದಂಡೆ ಕಿರಿದಾಗಿ, ತೆಂಗಿನ ಬೇರು ಹೊರಬೀಳುತ್ತದೆ. ಅಕ್ಟೋಬರ್ ನಂತರ ಬರುವ ತಗ್ಗಿನ, ನಿಧಾನದ ಅಲೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ದಡಕ್ಕೆ ತಂದು ಹಾಸುತ್ತವೆ. ಕಲ್ಲುಗೋಡೆ, ಅಳಿವೆಯ ಕಟ್ಟೆ ಅಡ್ಡ ಬಂದ ಕಡೆ ಈ ಲೆಕ್ಕ ತಪ್ಪಿ, ಹೋದ ಮರಳು ಪೂರ್ತಿ ಮರಳದೆ ಕಡಲ್ಕೊರೆತ ಶಾಶ್ವತವಾಗುವುದುಂಟು. ಕರಾವಳಿಯವರ ಈ ಸಂಕಟ ಘಟ್ಟದ ಮೇಲಿನ ನಮಗೆ ಪ್ರತಿ ಜುಲೈಯ ಎರಡು ದಿನದ ಸುದ್ದಿಯಾಗಿ ಮುಗಿದುಹೋಗುವುದು ಸರಿಯಲ್ಲ.

ಮೇಲೆ ಅಬ್ಬರ ನಡೆದಿರುವಾಗ ಕೆಳಗೆ ಇನ್ನೊಂದು ಕೆಲಸ ಸಾಗಿರುತ್ತದೆ. ಮುಂಗಾರಿನ ಗಾಳಿ ಮೇಲ್ನೀರನ್ನು ತೀರದಿಂದ ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಬೆಳಕು ಸಿಕ್ಕಿದ್ದೇ ಅದರಲ್ಲಿ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ಮೇಯಲು ಬೂತಾಯಿ, ಬಂಗುಡೆಯ ಹಿಂಡು ತೀರದ ಹತ್ತಿರ ಬರುತ್ತದೆ. ಮೊಟ್ಟೆಯಿಡುವುದು, ಮರಿ ಬೆಳೆಯುವುದು ಕೂಡ ಬಹುಪಾಲು ಇದೇ ತಿಂಗಳುಗಳಲ್ಲಿ. ನಿಷೇಧದ ಕಾರಣ ಇಲ್ಲಿದೆ. ಆಗ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ, ಅದೂ ಅಲೆ ಒಪ್ಪಿದ ದಿನ. ನೂಲು ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕೈರಂಪಣಿ ಬಲೆ ಎಳೆಯುವ ತೀರಗಳಲ್ಲಿ ಬಂಗುಡೆಯ ಸುಗ್ಗಿ.

ಪೂರ್ವದ ತೀರ ಬೇರೆ ತಾಳದ್ದು. ಅಲ್ಲಿ ಜೂನ್ 15ಕ್ಕೇ ದೋಣಿಗಳು ಇಳಿಯುತ್ತವೆ, ವಿಶಾಖಪಟ್ಟಣ, ಕಾಕಿನಾಡ, ಮಚಲೀಪಟ್ಟಣದ ಮಾಲು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಹೊರಡುತ್ತದೆ. ಗೋದಾವರಿಗೆ ಹೊಸ ನೀರು ಬಂದಾಗ ಕಡಲಿನಿಂದ ಹೊಳೆಗೆ ಏರುವ ಪುಲಸಕ್ಕೆ ಜುಲೈಯಿಂದ ಸೆಪ್ಟೆಂಬರ್ ಕಾಲ, ಆದರೆ ಅದು ಹೆಚ್ಚಾಗಿ ಯಾನಂ ಕಡೆಯೇ ದುಬಾರಿ ಬೆಲೆಗೆ ಹರಾಜಾಗಿ ಮುಗಿಯುತ್ತದೆ. ಈ ತೀರಕ್ಕೆ ಕಷ್ಟದ ಕಾಲ ಅಕ್ಟೋಬರಿನಿಂದ ಡಿಸೆಂಬರ್. ಬಂಗಾಳ ಕೊಲ್ಲಿಯ ಚಂಡಮಾರುತಗಳು ಹೆಚ್ಚಾಗಿ ಬರುವುದು ಆಗ. ಜನವರಿ ಕಳೆದರೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ದಡ ಹತ್ತಿ ಮರಳಿನಲ್ಲಿ ಮೊಟ್ಟೆಯಿಡುತ್ತವೆ, ಹಗಲಿನಲ್ಲಿ ಅದೇ ಮರಳಿನ ಮೇಲೆ ಒಣಮೀನು ಹರವಿರುತ್ತದೆ.

ಇನ್ನು ಕೊಳ್ಳುವ ಮಾತು. ಬೇಗಂ ಬಜಾರಿನಲ್ಲಿ ತೆಲುಗು ಹೆಸರು ಹೇಳಿದರೆ ಕೆಲಸ ಸಲೀಸು: ಬಂಗುಡೆಗೆ ಕಾನಗುರ್ತ, ಅಂಜಲಿಗೆ ವಂಜರಂ, ಮಾಂಜಿಗೆ ಚಂದುವ, ಸೀಗಡಿಗೆ ರೊಯ್ಯಲು. ದರ ಕೇಳುವ ಮೊದಲು ಕಿವಿರಿನ ಮುಚ್ಚಳ ಎತ್ತಿ ನೋಡಿ. ಒಳಗಿನ ಎಳೆಗಳು ಬಿಡಿಬಿಡಿಯಾಗಿ, ಒದ್ದೆಯಾಗಿ, ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಲೋಳೆಗಟ್ಟಿ ಅಂಟಿಕೊಂಡಿದ್ದರೆ ಮುಂದಿನ ಬುಟ್ಟಿಗೆ ನಡೆಯಿರಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಹೆಬ್ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು. ಬೆಳಿಗ್ಗೆ ಬೇಗ ಹೋಗಿ. ಭಾನುವಾರದ ಬದಲು ವಾರದ ನಡುವೆ ಹೋದರೆ ಆರಿಸಲು ಪುರುಸೊತ್ತು ಸಿಗುತ್ತದೆ. ಅನೇಕ ಮನೆಗಳು ಮೀನು ಬಿಡುವ ಶ್ರಾವಣದಲ್ಲಿ ಚೌಕಾಸಿಗೂ ಅವಕಾಶ ಹೆಚ್ಚು.

ನನ್ನ ಆಯ್ಕೆ ಕೇಳಿದರೆ, ಮಿರಗಕ್ಕೆ ಕಣ್ಣೆದುರು ಈಜುವ ಕೊರ್ರಮೀನು ಅಥವಾ ಅಂದೇ ಬಂದ ರೋಹು, ಜೂನ್ ಕೊನೆಯಿಂದ ಪೂರ್ವದ ಚಂದುವ, ಚಳಿಗಾಲಕ್ಕೆ ಬಂಗುಡೆ. ನವೆಂಬರಿನಲ್ಲಿ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೆ ದೋಣಿಗಳನ್ನು ವಾಪಸ್ ಕರೆಸುತ್ತಾರೆ. ಅದಾದ ಒಂದೆರಡು ದಿನಕ್ಕೆ ಇಲ್ಲಿ ಕಡಲ ಮೀನಿನ ಪೆಟ್ಟಿಗೆಗಳು ಕಡಿಮೆಯಾಗಿ ದರ ಏರುತ್ತದೆ. ಅಂಥ ವಾರ ಕಾಟ್ಲಾ ತೂಗಿಸಿಕೊಂಡು ಬನ್ನಿ.